ಬೆಂಕಿ ಹಚ್ಚಿದವರು ಯಾರು

ಕಳೆದ ವಾರ ದುಬೈಯ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಲ್ಲಿ ಅನ್ನ ತಳ ಹಿಡಿಯಿತು. ಇಪ್ಪತ್ತೈದು ವರ್ಷಗಳಿಂದ ಅಡುಗೆಯನ್ನೇ ನಂಬಿ ಬದುಕಿದವಳ ಮನೆಯಲ್ಲಿ ಅನ್ನ ತಳ ಹಿಡಿಯುವುದೆಂದರೆ ಸಣ್ಣ ಸುದ್ದಿಯಲ್ಲ. ನನ್ನ ಗಂಡ ರಶೀದ್ ಮೊಬೈಲಿನಿಂದ ಮುಖ ಎತ್ತಿ ಎಂತ ವಾಸನೆ ಎಂದು ಕೇಳಿದರು. ಮಗಳು ತನ್ನ ಕೋಣೆಯಿಂದಲೇ ಇಂಗ್ಲಿಷಿನಲ್ಲಿ ಏನೋ ಸುಡುತ್ತಿದೆ ಎಂದು ತೀರ್ಪು ಕೊಟ್ಟಳು. ನಾನು ಗ್ಯಾಸ್ ಆರಿಸಿ, ಮುಚ್ಚಳ ತೆಗೆದು, ಆ ಹೊಗೆಯ ಮುಂದೆ ನಗುತ್ತಾ ನಿಂತುಬಿಟ್ಟೆ. ಅರಿಶಿನ, ಎಣ್ಣೆ, ಕೆಂಪಗೆ ಗರಿಗರಿಯಾದ ಅಕ್ಕಿ. ಇದೇ ವಾಸನೆಯನ್ನು ಮಿರ್ದಿಫ್‌ನ ಒಂದು ವಿಲ್ಲಾದಲ್ಲಿ, ಮಳೆ ಸುರಿದ ಒಂದು ಚಳಿಗಾಲದ ಸಂಜೆ, ಒಬ್ಬ ಮುದುಕರು ಪ್ಲೇಟಿನ ಮೇಲೆ ಬಾಗಿ ಮೂಸಿದ್ದು ನನಗೆ ನೆನಪಾಯಿತು.

ಇಸ್ರೇಲಿನಿಂದ ದುಬೈಗೆ ನೇರ ವಿಮಾನ ಹಾರತೊಡಗಿ ಎರಡು ವರ್ಷ ದಾಟಿದ್ದ ಕಾಲ ಅದು. ನಾನಿದ್ದ ಕೇಟರಿಂಗ್ ಕಂಪೆನಿ ಮೊದಲೆಲ್ಲ ಆಫೀಸುಗಳಿಗೆ ಬಿರಿಯಾನಿ, ಶಾಲೆಗಳಿಗೆ ಸ್ಯಾಂಡ್‌ವಿಚ್ ಕಳುಹಿಸಿಕೊಂಡು ಹಾಯಾಗಿತ್ತು. ಆ ಚಳಿಗಾಲಕ್ಕೆ ಒಂದು ವರ್ಷ ಮುಂಚೆ, ಹೊಸದಾಗಿ ಬರುವವರ ಹಸಿವು ನೋಡಿ, ಅಲ್ ಕೂಝ್‌ನಲ್ಲಿದ್ದ ನಮ್ಮ ಗೋದಾಮಿನ ಹಿಂಭಾಗಕ್ಕೆ ಅಡ್ಡಗೋಡೆ ಕಟ್ಟಿಸಿ, ಹೊಸ ಪಾತ್ರೆ ಪಗಡ ತರಿಸಿ, ಯಹೂದಿಗಳಿಗಾಗಿ ಕೋಶರ್ ಅಡುಗೆಮನೆ ತೆರೆದರು. ಕೋಶರ್ ಅಂದರೆ ಅವರ ಹಲಾಲ್, ನಿಮಗೆ ಕಷ್ಟವಾಗದು ಎಂದು ಮ್ಯಾನೇಜರ್ ಹೇಳಿ, ಅದರ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದರು. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದಕ್ಕೊಂದು ಸಣ್ಣ ಯುದ್ಧವೇ ಆಯಿತು. ಉಪ್ಪಿನಂಗಡಿಯಿಂದ ನನ್ನ ನಾದಿನಿ, ಅವರ ಕೆಲಸಕ್ಕೆ ಯಾಕೆ ಹೋಗುವುದು ಎಂದು ಕೇಳಿದಳು. ರಶೀದ್ ಕೂಡ ಮುಖ ದಪ್ಪ ಮಾಡಿಕೊಂಡೇ ಇದ್ದರು. ಬಡಿಸುವವಳು ಉಣ್ಣುವವರ ಪಾಸ್‌ಪೋರ್ಟ್ ನೋಡುವುದಿಲ್ಲ ಎಂದು ಗುಂಪಿಗೆ ಬರೆದು ನಾನು ಫೋನ್ ಪಕ್ಕಕ್ಕಿಟ್ಟೆ. ಮುಂದಿನ ವರ್ಷಗಳಲ್ಲಿ ಟೀವಿಯಲ್ಲಿ ಬಂದ ಸುದ್ದಿಗಳಿಂದ ಎಷ್ಟೋ ದಿನ ನನಗೂ ಅನ್ನ ಸೇರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಚಳಿಗಾಲ ಅದಕ್ಕಿಂತ ಹಿಂದಿನದು.

ಅಡುಗೆಮನೆಯ ನಿಯಮ ಕಾಯಲು ಲಂಡನ್ನಿನಿಂದ ಒಬ್ಬರು ಬಂದಿದ್ದರು. ಹೆಸರು ಮೋಶೆ. ನಲವತ್ತರ ಆಸುಪಾಸು, ಕೆಂಪು ಗಡ್ಡ, ಮಾತು ಕಡಿಮೆ, ಸೊಂಟದಲ್ಲಿ ಸದಾ ಕೀಲಿಕೈ ಗೊಂಚಲು. ಮಾಂಸದ ಪಾತ್ರೆಗಳಿಗೆ ಕೆಂಪು ಪಟ್ಟಿ, ಹಾಲಿನವಕ್ಕೆ ನೀಲಿ ಪಟ್ಟಿ, ಎರಡೂ ಒಂದೇ ಸಿಂಕು ಕಾಣಬಾರದು. ಕೊತ್ತಂಬರಿ ಸೊಪ್ಪನ್ನು ಮೂರು ನೀರಿನಲ್ಲಿ ನೆನೆಸಿ, ದೀಪದ ಪೆಟ್ಟಿಗೆಯ ಮೇಲೆ ಹರಡಿ, ಎಲೆ ಎಲೆಯನ್ನೂ ಹುಳುವಿಗಾಗಿ ನೋಡಬೇಕು. ಮೊಟ್ಟೆಯನ್ನು ಒಂದೊಂದಾಗಿ ಗ್ಲಾಸಿಗೆ ಒಡೆದು ರಕ್ತದ ಚುಕ್ಕೆ ಇದೆಯೇ ಎಂದು ಪರೀಕ್ಷಿಸಬೇಕು. ಇದೆಲ್ಲ ನನಗೆ ಹಿಡಿಸಿತು. ಶಿಸ್ತಿನ ಅಡುಗೆಮನೆ ಯಾರದ್ದಾದರೂ ನನಗೆ ಇಷ್ಟವೇ. ಕಾರ್ಕಳದ ಸುರೇಶಣ್ಣ, ನನ್ನೊಟ್ಟಿಗೆ ಹದಿನಾಲ್ಕು ವರ್ಷದಿಂದ ಸೌಟು ಹಿಡಿದವರು, ಸೊಪ್ಪಿನ ಮುಂದೆ ಕನ್ನಡಕ ಏರಿಸಿ ಕೂತು, "ಝೊಹರಕ್ಕ, ನನ್ನ ಜಾತಕವನ್ನೂ ಯಾರೂ ಇಷ್ಟು ಸರಿ ನೋಡಿದ್ದಿಲ್ಲ" ಎಂದಿದ್ದರು.

ಮೊದಲ ದಿನದ ಕೊನೆಯಲ್ಲಿ ಮೋಶೆ ಹೇಳಿದ ಮಾತು ಮಾತ್ರ ನನಗೆ ರುಚಿಸಲಿಲ್ಲ. ಕೊಚ್ಚಬಹುದು, ಕಲಸಬಹುದು, ಹುರಿಯಬಹುದು, ರುಚಿ ನೋಡಬಹುದು, ಆದರೆ ಬೆಂಕಿ ಮಾತ್ರ ನಾವು ಹಚ್ಚುವಂತಿಲ್ಲ. ಅದನ್ನು ಯಹೂದಿಯ ಕೈಯೇ ಹಚ್ಚಬೇಕು. ಒಲೆಯ ಮೂಲೆಯಲ್ಲಿ ಬೆರಳಷ್ಟು ಉದ್ದದ ಒಂದು ಪುಟ್ಟ ಜ್ವಾಲೆ, ಪೈಲಟ್ ಅನ್ನುತ್ತೇವೆ. ಅದನ್ನು ಬೆಳಿಗ್ಗೆ ಮೋಶೆ ಹಚ್ಚಿ ಹೋಗುವುದು, ದಿನವಿಡೀ ನಾವು ಉಳಿದ ಬರ್ನರುಗಳನ್ನು ಅದರಿಂದಲೇ ಹೊತ್ತಿಸಿಕೊಳ್ಳುವುದು. ನಾನು ಹೂಂ ಎಂದೆ. ಮನಸ್ಸು ಹೂಂ ಅನ್ನಲಿಲ್ಲ.

ಊರಿನಲ್ಲಿ ನನ್ನ ಉಮ್ಮ ಬಟ್ಟೆ ಹೊಲಿಯುತ್ತಿದ್ದರು. ಹೊಲಿದ ರವಿಕೆಗಳನ್ನು ಪಕ್ಕದ ಭಟ್ರ ಮನೆಗೆ ಕೊಟ್ಟು ಬರುವುದು ನನ್ನ ಕೆಲಸ. ಭಟ್ರ ಹೆಂಡತಿ ಮಡಿಯಲ್ಲಿದ್ದರೆ ಜಗಲಿಯ ಮೇಲೆ ಇಟ್ಟು ಹೋಗು ಮಗಾ ಎನ್ನುತ್ತಿದ್ದರು. ಪ್ರೀತಿಯ ಹೆಂಗಸು. ಬಾಳೆಹಣ್ಣು ಕೊಡದೆ ಕಳುಹಿಸಿದವರಲ್ಲ. ಆದರೆ ಆ ಹಣ್ಣನ್ನು ನನ್ನ ಅಂಗೈಗೆ ಮೇಲಿನಿಂದ ಬೀಳಿಸುತ್ತಿದ್ದರು. ಹಣ್ಣಿನ ಸಿಹಿ ಮರೆತಿದೆ, ಅದು ಬೀಳುತ್ತಿದ್ದ ಎತ್ತರ ಇನ್ನೂ ನೆನಪಿದೆ. ಮೋಶೆ ಬೆಂಕಿಯ ಮಾತು ಹೇಳಿದಾಗ ನನ್ನ ಅಂಗೈಗೆ ಮತ್ತೆ ಅದೇ ಹಣ್ಣು ಬಿದ್ದ ಹಾಗಾಯಿತು. ಕೆಲಸ ಬಿಡೋಣ ಅಂದುಕೊಂಡೆ. ಆಮೇಲೆ, ಹಲಾಲ್ ಮಾಡುವ ಚೂರಿಯನ್ನು ನಾವೂ ಯಾರ ಕೈಗೂ ಕೊಡುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಉಳಿದೆ. ಆ ನಿಯಮ ಇಂದಿಗೂ ನನಗೆ ಇಷ್ಟವಿಲ್ಲ. ಇಷ್ಟವಿಲ್ಲದ್ದನ್ನೂ ನೆಟ್ಟಗೆ ಪಾಲಿಸಬಲ್ಲೆ, ಅದು ನನ್ನ ಗರ್ವ.

ಡಿಸೆಂಬರಿನಲ್ಲಿ, ಬೆಳಗಿನ ಮಂಜಿಗೆ ಎದುರಿನ ಗೋದಾಮು ಕಾಣದೆ ಹೋಗುವ ದಿನಗಳಲ್ಲಿ, ತಾಮರ್ ನಮ್ಮ ಅಡುಗೆಮನೆಗೆ ಬಂದಳು. ಇಸ್ರೇಲಿನವಳು, ಮೂವತ್ತೆರಡರ ಹೆಣ್ಣು, ಗುಂಗುರು ಕೂದಲು, ದುಬೈಯಲ್ಲೇ ಒಂದು ಕಂಪೆನಿಯಲ್ಲಿ ಕೆಲಸ. ಜನವರಿಯಲ್ಲಿ ತನ್ನ ಮದುವೆ, ಸಂಜೆಗೆ ಹದಿನೈದು ಜನಕ್ಕೆ ಊಟ ಬೇಕು ಎಂದಳು. ತಲೆ ಮುಚ್ಚಿರಲಿಲ್ಲ, ಯಾವ ಕೆಲಸವನ್ನೂ ಮುಟ್ಟಬಾರದ ಶಬ್ಬತ್ ದಿನ, ಶನಿವಾರವೂ ಕಾರು ಓಡಿಸುತ್ತೇನೆ, ಸಿಕ್ಕಿದ್ದೆಲ್ಲ ತಿನ್ನುತ್ತೇನೆ ಎಂದು ಅವಳೇ ಹೇಳಿದಳು. ಹಾಗಿದ್ದ ಮೇಲೆ ಇಷ್ಟು ಕಟ್ಟುನಿಟ್ಟಿನ ಊಟ ಯಾರಿಗೆ ಎಂದು ಕೇಳಿದೆ.

"ಅಪ್ಪನಿಗೆ," ಎಂದಳು. "ಅವರು ನನ್ನ ಮನೆಯಲ್ಲಿ ನೀರು ಕುಡಿದು ಏಳು ವರ್ಷ ಆಯಿತು. ಬಂದರೂ ಬಾಟಲಿ ಅವರೇ ತರುತ್ತಾರೆ."

ಅವಳ ಕಥೆ ತುಂಡು ತುಂಡಾಗಿ ತಿಳಿಯಿತು. ಇಪ್ಪತ್ತೊಂದಕ್ಕೆ ಅವಳನ್ನು ಧರ್ಮಿಷ್ಠರ ಮನೆಯ ಹುಡುಗನಿಗೆ ಕೊಟ್ಟಿದ್ದರು. ಎರಡೇ ವರ್ಷಕ್ಕೆ ಸಂಬಂಧ ಹಳಸಿತು. ಇಸ್ರೇಲಿನಲ್ಲಿ ಯಹೂದಿಗಳ ಮದುವೆ, ವಿಚ್ಛೇದನ ಎರಡೂ ಧರ್ಮಗುರುಗಳ ಕಚೇರಿಯ ಕೈಯಲ್ಲಿ. ಗಂಡನಾದವನು ತನ್ನ ಕೈಯಾರೆ ಬಿಡುಗಡೆ ಪತ್ರ ಕೊಟ್ಟರೆ ಮಾತ್ರ ಹೆಂಡತಿಗೆ ಬಿಡುಗಡೆ. ಅವನು ಕೊಡಲು ಎರಡು ವರ್ಷ ಸತಾಯಿಸಿದ. ಆ ಕಚೇರಿಯ ಬೆಂಚಿನ ಮೇಲೆ ಕೂತು ಕೂತೇ ನನ್ನ ಧರ್ಮ ಮುಗಿಯಿತು ಎಂದಳು ತಾಮರ್. ಈಗ ಅವಳು ಮೆಚ್ಚಿದ ಈತಾನ್, ಪ್ರಾರ್ಥನಾ ಮಂದಿರದ ಮೆಟ್ಟಿಲು ಹತ್ತದವನು, ಹುಟ್ಟಿನಿಂದ ಹಳೆಯ ಪುರೋಹಿತ ವಂಶದವನಾಗಿಬಿಟ್ಟಿದ್ದ. ಆ ವಂಶದವರು ವಿಚ್ಛೇದನವಾದವಳನ್ನು ಮದುವೆಯಾಗುವಂತಿಲ್ಲ. ಕಚೇರಿ ಬಾಗಿಲು ಹಾಕಿತು. ಬೇರೆ ಕಚೇರಿ ಇಲ್ಲ. ನಮ್ಮಲ್ಲಿ ಮನೆಯವರೂ ಮುಲ್ಲಾಗಳೂ ಭಟ್ಟರೂ ಒಪ್ಪದಿದ್ದರೆ ಜನ ರಿಜಿಸ್ಟ್ರಾರ್ ಆಫೀಸಿಗೆ ಓಡುತ್ತಾರೆ. ಅವರಿಗೆ ಓಡಲು ವಿಮಾನ ಬೇಕು. ಹೊರದೇಶದಲ್ಲಿ ಆದ ಮದುವೆಯನ್ನಾದರೆ ಅಲ್ಲಿನ ಸರಕಾರ ದಾಖಲೆಗೆ ಬರೆದುಕೊಳ್ಳುತ್ತದಂತೆ. ಅಬುಧಾಬಿಯಲ್ಲಿ ಮುಸ್ಲಿಮರಲ್ಲದವರಿಗೆ ಕೋರ್ಟು ಮದುವೆ ಶುರುವಾಗಿತ್ತು. ಯಹೂದಿ ರಾಷ್ಟ್ರದಲ್ಲಿ ಆಗದ ಯಹೂದಿ ಮದುವೆ ಅರಬರ ಕೋರ್ಟಿನಲ್ಲಿ ಆಗುತ್ತಿದೆ ನೋಡು ಎಂದು ಅವಳು ಹೊಟ್ಟೆ ಹಿಡಿದು ನಕ್ಕಳು. ಕಣ್ಣು ಮಾತ್ರ ಜೊತೆಗೆ ನಗುತ್ತಿರಲಿಲ್ಲ.

ಅಪ್ಪ ಶ್ಲೋಮೋ ಮದುವೆಗೆ ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದರು. ಅವರ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ. ಆದರೆ ಮಗಳನ್ನು ನೋಡಲು ದುಬೈಗೆ ಬರುತ್ತೇನೆ, ಸಂಜೆ ಅವಳ ಮೇಜಿನಲ್ಲಿ ಕೂರುತ್ತೇನೆ, ಉಣ್ಣುವಂತಿದ್ದರೆ ಉಣ್ಣುತ್ತೇನೆ ಎಂದಿದ್ದರು. ಅಷ್ಟೇ ಮಾತಿನ ಮೇಲೆ ತಾಮರ್ ನಮ್ಮ ಅಡುಗೆಮನೆ ಹುಡುಕಿ ಬಂದಿದ್ದಳು. ಅವಳ ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಪ್ಪ ಒಂದು ತುತ್ತು ತಿಂದರೆ ಸಾಕು, ನನಗೆ ಬೇರೆ ಆಶೀರ್ವಾದ ಬೇಡ ಎಂದಳು.

ಮೋಶೆಗೆ ಇದು ಸುಲಭವಿರಲಿಲ್ಲ. ಎರಡು ದಿನ ಯೋಚಿಸಿದರು, ಲಂಡನ್ನಿನ ತಮ್ಮ ಗುರುವಿಗೆ ಫೋನ್ ಮಾಡಿದರು. ಕೊನೆಗೆ, ಊಟಕ್ಕೆ ಕೋಶರ್ ಮುದ್ರೆ ಹಾಕುತ್ತೇನೆ, ಮದುವೆಗೆ ಹಾಕುವುದಿಲ್ಲ ಎಂದು ತಾಮರ್‌ಳ ಮುಖಕ್ಕೇ ಹೇಳಿದರು. ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು. ಅವಳಿಗೆ ಮೋಶೆಯ ಗಡ್ಡ ಕಂಡರೆ ಆ ಕಚೇರಿಯ ಬೆಂಚು ನೆನಪಾಗುತ್ತಿತ್ತು. ಮೋಶೆಗೆ ಅವಳ ಮುಚ್ಚದ ತೋಳು ಕಂಡರೆ ಕಣ್ಣು ನೆಲಕ್ಕಿಳಿಯುತ್ತಿತ್ತು. ಒಂದೇ ಪ್ರವಾದಿಗಳ ಮಕ್ಕಳು, ನನ್ನ ಮೂಲಕ ಮಾತಾಡುತ್ತಿದ್ದರು. ಉಪ್ಪು ಎಷ್ಟು ಎಂದು ಅವಳು ನನ್ನನ್ನು ಕೇಳುವುದು, ಅವರು ಉತ್ತರವನ್ನು ನನಗೆ ಹೇಳುವುದು. ನಾನು ನಡುವೆ ನಿಂತು ಎರಡೂ ಕಡೆ ತಲೆಯಾಡಿಸುವುದು.

ಅಡುಗೆಯೆಲ್ಲ ಶ್ಲೋಮೋ ಅವರ ಬಾಲ್ಯದ್ದು. ಅವರ ಮನೆತನ ಬಗ್ದಾದಿನದು. ರವೆ ಹಿಟ್ಟಿನೊಳಗೆ ಮಾಂಸ ತುಂಬಿ ಬೀಟ್‌ರೂಟ್ ಸಾರಿನಲ್ಲಿ ಬೇಯಿಸುವ ಕುಬ್ಬೆ, ಒಣ ನಿಂಬೆ ಹಾಕಿದ ಕುರಿಮಾಂಸ, ಹಳದಿ ಅನ್ನ. ಬಗ್ದಾದಿನವರಿಗೆ ಬೆಂಕಿಯ ನಿಯಮ ಇನ್ನೂ ಬಿಗಿ ಎಂದು ಮೋಶೆ ವಿವರಿಸಿದರು. ಯಹೂದಿ ಬೆಂಕಿ ಹಚ್ಚಿದರಷ್ಟೇ ಸಾಲದು, ಪಾತ್ರೆಯನ್ನೂ ಅವನ ಕೈಯೇ ಒಲೆಗೇರಿಸಬೇಕು. ಶ್ಲೋಮೋ ಇದನ್ನೇ ಫೋನಿನಲ್ಲಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದರು. ಆ ದಿನ ಒಂದೂವರೆಗೆ ಬಂದು ಮೂರೂ ಪಾತ್ರೆಗಳನ್ನು ತಾವೇ ಏರಿಸುವುದಾಗಿ ಮೋಶೆ ಮಾತು ಕೊಟ್ಟಿದ್ದರು.

ಆ ದಿನವೇ ಮಳೆ ಬಂತು. ದುಬೈಯಲ್ಲಿ ಮಳೆ ಎಂದರೆ ವರ್ಷದಲ್ಲಿ ನಾಲ್ಕು ದಿನ, ಅದಕ್ಕೇ ಯಾರಿಗೂ ಅಭ್ಯಾಸವಿಲ್ಲ. ಬೆಳಿಗ್ಗೆ ಮೋಶೆ ಪೈಲಟ್ ಹಚ್ಚಿಟ್ಟು, ವಿಮಾನ ನಿಲ್ದಾಣದ ಕಾರ್ಗೋದಿಂದ ಬೇರೆ ಊಟದ ಮಾಂಸ ಬಿಡಿಸಿಕೊಳ್ಳಲು ಹೋದರು. ಹತ್ತು ಗಂಟೆಗೆ ಆಕಾಶ ಕಪ್ಪಾಯಿತು. ಹನ್ನೆರಡಕ್ಕೆ ನಮ್ಮ ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಒಂದೂಕಾಲಿಗೆ ಕರೆಂಟು ಹೋಯಿತು, ಅದರೊಟ್ಟಿಗೆ ಗ್ಯಾಸಿನ ಸುರಕ್ಷಾ ವಾಲ್ವೂ ಮುಚ್ಚಿಕೊಂಡು ಪೈಲಟ್ ಆರಿತು. ಹತ್ತು ನಿಮಿಷದಲ್ಲಿ ಕರೆಂಟು ಬಂತು. ನಾನು ಗುಂಡಿ ಒತ್ತಿ ಗ್ಯಾಸ್ ಬಿಟ್ಟೆ. ತಲೆಯಲ್ಲಿ ಗಡಿಯಾರ ಓಡುತ್ತಿತ್ತು: ಕುರಿಮಾಂಸಕ್ಕೆ ಮೂರು ಗಂಟೆ, ಕುಬ್ಬೆಗೆ ಒಂದೂವರೆ, ಆರಕ್ಕೆ ವ್ಯಾನು ಹೊರಡಬೇಕು. ಕೈ ತನ್ನ ಪಾಡಿಗೆ ಲೈಟರಿನ ಕಡೆ ಹೋಯಿತು. ಅಲ್ಲಾಹನ ಹೆಸರಿನ ಬಿಸ್ಮಿ ಹೇಳಿದೆ, ಬರ್ನರ್ ಹಚ್ಚಿದೆ, ಬೀಟ್‌ರೂಟ್ ಸಾರಿನ ಪಾತ್ರೆ ಎತ್ತಿ ಇಟ್ಟೆ. ಕುದಿ ಬಂದ ಮೇಲೆ ಕುಬ್ಬೆಗಳನ್ನು ಒಂದೊಂದಾಗಿ ಬಿಟ್ಟೆ. ಐದನೇ ವಯಸ್ಸಿನಿಂದ ಉಮ್ಮನ ಒಲೆಯ ಮುಂದೆ ಕಲಿತ ಕೈ ಅದು, ಒಂದು ವರ್ಷದ ನಿಯಮ ಅದಕ್ಕೆ ನೆನಪಿರಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಸುರೇಶಣ್ಣ ಅಕ್ಕಿ ತೊಳೆದುಕೊಂಡು ಬಂದವರು ಒಲೆಯ ಮುಂದೆ ನಿಂತರು. "ಝೊಹರಕ್ಕ, ಪೈಲಟ್ ಕರೆಂಟಿನೊಟ್ಟಿಗೆ ಹೋಗಿತ್ತಲ್ಲ," ಎಂದರು ಮೆಲ್ಲಗೆ. "ಮತ್ತೆ ಇದಕ್ಕೆ ಬೆಂಕಿ ಎಲ್ಲಿಂದ ಬಂತು?"

ಆಗಲೇ ನನಗೆ ನಿಯಮ ನೆನಪಾಯಿತು. ಗ್ಯಾಸ್ ಆರಿಸಿದೆ. ಸಿಸಿಟಿವಿ ಬಾಗಿಲ ಕಡೆಗಿತ್ತು, ಒಲೆ ಅದಕ್ಕೆ ಕಾಣುತ್ತಿರಲಿಲ್ಲ. ಸುರೇಶಣ್ಣ ಬಾಯಿ ಬಿಡುವವರಲ್ಲ, "ನಾನು ಎಂತ ನೋಡಲಿಲ್ಲ ಅಕ್ಕ" ಎಂದೂ ಅಂದರು. ಒಂದು ನಿಮಿಷ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೋಶೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು, ಸಾರು ಹೋಯಿತು, ಪಾತ್ರೆ ಬದಿಗಿಡಿ ಎಂದರು. ಅದಕ್ಕಿಂತ ದೊಡ್ಡ ಸುದ್ದಿ ಅವರ ಹತ್ತಿರವಿತ್ತು. ಅಂಡರ್‌ಪಾಸಿನಲ್ಲಿ ನೀರು ನಿಂತು ದಾರಿ ಮುಚ್ಚಿದೆ, ಐದು ಗಂಟೆಗೆ ಮುಂಚೆ ಬರುವುದು ಸಾಧ್ಯವೇ ಇಲ್ಲ. ಐದಕ್ಕೆ ಒಲೆಗೇರಿದ ಕುರಿಮಾಂಸ ಏಳಕ್ಕೆ ಬೇಯುವುದಿಲ್ಲ. ಶ್ಲೋಮೋ ಉಣ್ಣದೆ ಏಳುತ್ತಾರೆ. ಅದಕ್ಕೆ ಕಾರಣ ಮಳೆ ಎಂದು ಯಾರೂ ಹೇಳುವುದಿಲ್ಲ.

ಆಗ ಬಾಗಿಲು ತೆರೆಯಿತು. ತಾಮರ್ ನಿಂತಿದ್ದಳು. ಬಿಳಿಯ ಉಡುಪು, ಅಂಚು ಕೆಸರಾಗಿತ್ತು. ಬೆಳಿಗ್ಗೆ ಅಬುಧಾಬಿಯ ಕೋರ್ಟಿನಲ್ಲಿ ಮದುವೆ ಮುಗಿದಿತ್ತು. ಮಳೆಗೆ ಊಟದ ಗತಿ ಏನಾಯಿತೋ ಎಂದು ಹೆದರಿ, ಗಂಡನನ್ನು ನೆಂಟರೊಟ್ಟಿಗೆ ಮಿರ್ದಿಫ್‌ಗೆ ಕಳುಹಿಸಿ, ತಾನು ಟ್ಯಾಕ್ಸಿಯಲ್ಲಿ ಇತ್ತ ಬಂದಿದ್ದಳು. ಸಾರಿನ ಪಾತ್ರೆಯನ್ನು ಸುರೇಶಣ್ಣ ಸಿಂಕಿನ ಕಡೆ ಎತ್ತಿದ್ದು ನೋಡಿ ಯಾಕೆ ಎಂದು ಕೇಳಿದಳು. ಹೇಳಿದೆ.

ಅವಳಿಗೆ ಸಿಟ್ಟು ಬಂತು, ನನ್ನ ಮೇಲಲ್ಲ. ಅದೇ ಬೀಟ್‌ರೂಟು, ಅದೇ ಮಾಂಸ, ಅದೇ ಗ್ಯಾಸು, ಲೈಟರ್ ಒತ್ತಿದ ಬೆರಳು ಬೇರೆ ಎಂದು ಚೆಲ್ಲುವುದೇ ಎಂದಳು. ನೀನು ಮನುಷ್ಯಳಲ್ಲವೇ, ನಿನಗೆ ಅವಮಾನವಾಗುವುದಿಲ್ಲವೇ ಎಂದು ಕೇಳಿದಳು. ಆಗುತ್ತದೆ ಎಂದೆ. ಹಾಗಾದರೆ ಚೆಲ್ಲಬೇಡ, ಅಪ್ಪನಿಗೆ ಹೇಳುವವರು ಯಾರು ಎಂದಳು.

"ನೋಡು ತಾಮರ್," ಎಂದೆ. "ಹಲಾಲ್ ಅಲ್ಲದ್ದನ್ನು ಹಲಾಲ್ ಅಂತ ನನಗೆ ಯಾರಾದರೂ ಬಡಿಸಿದರೆ ನಾನು ಅವರನ್ನು ಕ್ಷಮಿಸುವುದಿಲ್ಲ. ನಿನ್ನ ಅಪ್ಪ ನನ್ನನ್ನು ನಂಬಿ ಬಾಯಿ ತೆರೆಯುತ್ತಾರೆ. ನಿಯಮ ನನಗೂ ಇಷ್ಟವಿಲ್ಲ. ನಂಬಿಕೆ ಮುರಿಯಲಿಕ್ಕೆ ಅದು ಕಾರಣ ಆಗುವುದಿಲ್ಲ."

ಸಾರನ್ನು ನಾನೇ ಚೆಲ್ಲಿದೆ. ಅರವತ್ತು ಕುಬ್ಬೆ, ಬೆಳಿಗ್ಗೆ ಆರರಿಂದ ನಾನು, ಸುರೇಶಣ್ಣ ಕೂತು ಕಟ್ಟಿದ್ದು.

ಮೋಶೆ ಮತ್ತೆ ಫೋನ್ ಮಾಡಿದರು, ಈ ಸಲ ವಿಡಿಯೋ. ಸುತ್ತಮುತ್ತ ಯಾರಾದರೂ ಯಹೂದಿ ಸಿಗುತ್ತಾರೆಯೇ ಎಂದು ಕೇಳುತ್ತಿದ್ದಂತೆ ಸುರೇಶಣ್ಣ ಮಾತಿಲ್ಲದೆ ಸೌಟಿನಿಂದ ತಾಮರ್‌ಳ ಕಡೆ ತೋರಿಸಿದರು. ಅವಳು ಗೊಳ್ಳನೆ ನಕ್ಕಳು. ನಾನೇ, ಶಬ್ಬತ್ ಮುರಿಯುವವಳು, ಈಗಷ್ಟೇ ಕೋರ್ಟಿನಲ್ಲಿ ಮದುವೆಯಾಗಿ ಬಂದವಳು ಎಂದಳು. ಮುದ್ರೆಯ ಮಾತು ಹೇಳಿದ ದಿನದ ಮೇಲೆ ಮೋಶೆ ಅವಳ ಜೊತೆ ನೇರ ಮಾತಾಡಿದವರಲ್ಲ. ಅವತ್ತು ಅವಳ ಹೆಸರು ಹಿಡಿದು ಕರೆದು ಮಾತಾಡಿದರು. ಶಬ್ಬತ್ ಬಿಟ್ಟವರ ಕೈ ನಡೆಯದು ಎನ್ನುವ ಗುರುಗಳಿದ್ದಾರೆ, ನಡೆಯುತ್ತದೆ ಎನ್ನುವವರೂ ಇದ್ದಾರೆ, ಇಂಥ ಕಷ್ಟದಲ್ಲಿ ನಾನು ಒಪ್ಪಿ ಮುದ್ರೆ ಹಾಕುತ್ತೇನೆ ಎಂದರು. ನಿಮ್ಮ ತಂದೆ ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಿದರೆ ನಿಜ ಹೇಳಲೇಬೇಕು ಎಂದೂ ಸೇರಿಸಿದರು.

ತಾಮರ್‌ಳ ನಗು ನಿಂತಿತು. ಅವಳು ಹೆದರಿದ್ದು ಯಾಕೆಂದು ನನಗೆ ಅರ್ಥವಾಯಿತು. ಅಪ್ಪ ಆ ಊಟ ಬಿಟ್ಟು ಎದ್ದರೆ ಅದು ಇನ್ನು ಅಡುಗೆಮನೆಯ ತಪ್ಪಾಗಿರುವುದಿಲ್ಲ. ನೀನು ನಮ್ಮವಳಲ್ಲ ಎಂದು ಮಗಳಿಗೆ ಹದಿನೈದು ಜನರ ಮುಂದೆ ಹೇಳಿದ ಹಾಗೆ.

ಅವಳು ಮೊಳೆಗೆ ತೂಗುಹಾಕಿದ್ದ ಏಪ್ರನ್ ತೆಗೆದು ಬಿಳಿ ಉಡುಪಿನ ಮೇಲೆ ಕಟ್ಟಿಕೊಂಡಳು. ಮೊದಲು ಕುರಿಮಾಂಸದ ಪಾತ್ರೆ, ಆಮೇಲೆ ಅಕ್ಕಿಯದು. ನಾವು ಕೈ ಹಾಕಲು ಹೋದರೆ ತಡೆದಳು, ನಮ್ಮ ಮನೆಯ ನಿಯಮ ನನಗೆ ಗೊತ್ತು ಎಂದಳು. ಎರಡನ್ನೂ ತಾನೇ ಏರಿಸಿ ಬೆಂಕಿ ಹಚ್ಚಿದಳು. ಬೆಂಕಿ ಹತ್ತಿದ ಕ್ಷಣ ಅವಳ ಎರಡೂ ಕೈ ಮೇಲೆದ್ದು ಜ್ವಾಲೆಯ ಮೇಲೆ ಮೂರು ಸಲ ಸುತ್ತಿ ಬಂದು ಕಣ್ಣು ಮುಚ್ಚಿದವು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಕೈ ತೆಗೆದು, ನಾಚಿಕೊಂಡು, ಶುಕ್ರವಾರ ಸಂಜೆ ಅಮ್ಮ ದೀಪ ಹಚ್ಚುವಾಗ ಹೀಗೆ ಮಾಡುತ್ತಿದ್ದರು, ಗ್ಯಾಸ್ ಒಲೆಗೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದಳು.

ನನಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಏನನ್ನೂ ನಂಬದ ಇವಳ ಕೈ ನಡೆಯುತ್ತದೆ, ಐದು ಹೊತ್ತು ನಮಾಜು ಮಾಡುವ ನನ್ನ 'ಬಿಸ್ಮಿ' ನಡೆಯುವುದಿಲ್ಲ. ಆದರೆ ಆ ಕಣ್ಣು ಮುಚ್ಚಿದ ಮುಖ ನೋಡಿದ ಮೇಲೆ ಆ ಉರಿ ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳು ಜ್ವಾಲೆಯನ್ನು ತೀರ ದೊಡ್ಡದಾಗಿಟ್ಟಿದ್ದಳು. ತಗ್ಗಿಸಲು ನಾನು ಕೈ ಚಾಚಿ, ಇವತ್ತು ಈ ಬೆಂಕಿಯನ್ನು ನಾನು ಮುಟ್ಟುವುದಿಲ್ಲ ಎಂದು ಹಿಂದೆಗೆದೆ.

ಐದಕ್ಕೆ ಮೋಶೆ ಪ್ಯಾಂಟು ಮಂಡಿಯವರೆಗೆ ಮಡಚಿಕೊಂಡು ಬಂದು ಡಬ್ಬಿಗಳಿಗೆ ಮುದ್ರೆ ಹಾಕಿದರು. ಏಳಕ್ಕೆ ಮಿರ್ದಿಫ್‌ನ ವಿಲ್ಲಾದ ಅಂಗಳದಲ್ಲಿ ಎಲ್ಲರೂ ಕೂತರು. ಮಳೆ ನಿಂತು ಒದ್ದೆ ಮರಳಿನ ವಾಸನೆ ಬರುತ್ತಿತ್ತು. ಶ್ಲೋಮೋ ಮೇಜಿನ ತುದಿಯಲ್ಲಿದ್ದರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ, ಕಪ್ಪು ಟೊಪ್ಪಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುರ್ಚಿಯ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಅವರದೇ ನೀರಿನ ಬಾಟಲಿ, ಪ್ಲಾಸ್ಟಿಕ್ ಚಮಚ, ಮೂರು ಡಬ್ಬಿ ಬೂತಾಯಿ ಮೀನು. ಎಲ್ಲೂ ಉಣ್ಣಲಾಗದಿದ್ದರೆ ತಿನ್ನಲು ತಂದುಕೊಂಡಿದ್ದು. ಹೊಸ ಅಳಿಯ ಎರಡು ಕುರ್ಚಿ ಆಚೆ ಕೂತು ಮೇಜುಬಟ್ಟೆಯ ಗೆರೆ ಎಣಿಸುತ್ತಿದ್ದ.

ತಾಮರ್ ಊಟದ ಪಟ್ಟಿಯನ್ನು ಅಚ್ಚು ಹಾಕಿಸಿ ಪ್ಲೇಟುಗಳ ಪಕ್ಕ ಇಟ್ಟಿದ್ದಳು. ಮೊದಲ ಸಾಲಿನಲ್ಲೇ ಕುಬ್ಬೆ. ಕುಬ್ಬೆ ಬರದೆ ಸಲಾಡು ಬಂದಾಗ ಶ್ಲೋಮೋ ಪಟ್ಟಿ ನೋಡಿದರು, ಚೀಲ ಎತ್ತಿಕೊಂಡು ಎದ್ದರು, ನೇರವಾಗಿ ನಾವು ಬಡಿಸಲು ನಿಂತಿದ್ದ ವಿಲ್ಲಾದ ಅಡುಗೆಮನೆಗೆ ಬಂದರು. ಹಿಂದೆಯೇ ತಾಮರ್ ಬಂದು ಬಾಗಿಲಲ್ಲಿ ನಿಂತಳು. ಮುದುಕರು ನನ್ನ ತಲೆವಸ್ತ್ರ ನೋಡಿ ಅರಬಿಯಲ್ಲಿ ಮಾತಾಡಿದರು. ಅವರ ತಾಯಿಮನೆಯ ಹಳೆಯ ಬಗ್ದಾದಿ ಅರಬಿ, ನನ್ನ ಗಲ್ಫಿನ ಅರಬಿ, ಎರಡೂ ಹೊಂದಿಕೊಂಡವು.

ಕುಬ್ಬೆ ಎಲ್ಲಿ ತಂಗಿ ಎಂದು ಕೇಳಿದರು. ಚೆಲ್ಲಿದೆ ಎಂದೆ. ಯಾಕೆ ಎಂದರು. ಮರೆತು ಬೆಂಕಿಯನ್ನು ನಾನು ಹಚ್ಚಿದ್ದೆ, ಅದಕ್ಕೆ ಎಂದೆ. ಅವರು ನನ್ನನ್ನು ತುಂಬ ಹೊತ್ತು ನೋಡಿದರು. ಯಾರಾದರೂ ನೋಡಿದ್ದರೇ ಎಂದು ಕೇಳಿದರು. ಹೇಳಿಬಿಡುವಂಥವರು ಯಾರೂ ನೋಡಿರಲಿಲ್ಲ ಎಂದೆ.

"ಹಾಗಾದರೆ ಈ ಮಾಂಸಕ್ಕೆ, ಈ ಅನ್ನಕ್ಕೆ ಬೆಂಕಿ ಹಚ್ಚಿದವರು ಯಾರು?"

"ನಿಮ್ಮ ಮಗಳು," ಎಂದೆ. "ಪಾತ್ರೆ ಏರಿಸಿದವಳೂ ಅವಳೇ. ಹಚ್ಚಿ, ಕೈಯನ್ನು ಹೀಗೆ ಮೂರು ಸಲ ಸುತ್ತಿ ಕಣ್ಣು ಮುಚ್ಚಿಕೊಂಡಳು."

ನಾನು ಮಾಡಿ ತೋರಿಸಿದೆ. ಮುದುಕರು ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು. ಬಾಗಿಲಲ್ಲಿ ತಾಮರ್ ಗೋಡೆಗೆ ಅಂಟಿಕೊಂಡಿದ್ದಳು. ಮೋಶೆ ಮುಂದೆ ಬಂದು, ಇದನ್ನು ಒಪ್ಪುವ ದೊಡ್ಡ ಗುರುಗಳಿದ್ದಾರೆ, ಗ್ರಂಥದ ಹೆಸರು ಹೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. ಶ್ಲೋಮೋ ಕೈ ಎತ್ತಿ ಅವರನ್ನು ತಡೆದರು.

"ನನ್ನ ಮಗಳು ಯಹೂದಿ ಹೌದೋ ಅಲ್ಲವೋ ಅಂತ," ಎಂದು ಅವರೂ ಇಂಗ್ಲಿಷಿನಲ್ಲೇ ಬಿಡಿಸಿ ಬಿಡಿಸಿ ಹೇಳಿದರು, "ನನಗೆ ಪುಸ್ತಕ ತೆರೆದು ಹೇಳಬೇಡ."

ಆಮೇಲೆ ಅಲ್ಲೇ ಸಿಂಕಿನಲ್ಲಿ ಲೋಟದಿಂದ ಎರಡೂ ಕೈಗೆ ನೀರು ಹುಯ್ದುಕೊಂಡು, ಬಾಯೊಳಗೇ ಮಂತ್ರ ಹೇಳುತ್ತಾ ಮೇಜಿಗೆ ಹೋಗಿ ಕೂತರು. ರೊಟ್ಟಿ ಮುರಿದು ಉಪ್ಪಿಗೆ ಅದ್ದಿ ತಿಂದರು. ನಾನು ಮಾಂಸ, ಅನ್ನ ಬಡಿಸಿದೆ. ಅನ್ನದ ತಳ ಹಿಡಿದಿತ್ತು. ಕೆಂಪು ಚೂರುಗಳು ಮೇಲೆಯೇ ಬಂದಿದ್ದವು. ಅವರು ಪ್ಲೇಟಿನ ಮೇಲೆ ಬಾಗಿ ಮೂಸಿದರು, ಒಂದು ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಮೇಜಿನಲ್ಲಿ ಯಾರೂ ಚಮಚ ಎತ್ತಿರಲಿಲ್ಲ. ಅವರು ತಲೆಯೆತ್ತಿ ಮಗಳಿಗೆ ಹೀಬ್ರೂವಿನಲ್ಲಿ ಏನೋ ಅಂದರು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಏನಂದರು ಎಂದು ನಾನು ಮೋಶೆಯನ್ನು ಕೇಳಿದೆ. ಅವರ ಕಣ್ಣೂ ಒದ್ದೆಯಾಗಿತ್ತು.

"ಬೆಂಕಿ ಜೋರಾಯಿತು ತಾಮರ್, ನಿನ್ನ ಅಮ್ಮನದೂ ಹೀಗೇ ಆಗುತ್ತಿತ್ತು, ಅಂದರು."

ತಾಮರ್ ಕಣ್ಣೊರೆಸಿಕೊಂಡು ಬಂದು ಪಾತ್ರೆಯನ್ನೇ ಎತ್ತಿಕೊಂಡು ಹೋದಳು. ಅಪ್ಪನ ಪಕ್ಕ ಕೂತು ತಳ ಕೆರೆದು ಕೆರೆದು ಬಡಿಸಿದಳು. ಅಳಿಯನಿಗೂ ಒಂದು ಚೂರು ಸಿಕ್ಕಿತು, ಅದನ್ನು ಕೊಟ್ಟವರು ಶ್ಲೋಮೋ. ಆ ಮದುವೆಯನ್ನು ಅವರು ಒಪ್ಪಿದರು ಎಂದು ನಾನು ಹೇಳುವುದಿಲ್ಲ. ಒಪ್ಪಲಿಲ್ಲ ಎಂದು ತಾಮರ್‌ಳೇ ಆಮೇಲೆ ಹೇಳಿದಳು. ಆದರೆ ಅವತ್ತು ಅವರು ಎರಡು ಸಲ ಬಡಿಸಿಕೊಂಡು ಉಂಡರು.

ಹೊರಡುವ ಮುಂಚೆ ಮುದುಕರು ಮತ್ತೆ ಅಡುಗೆಮನೆಗೆ ಬಂದು ಆ ಪ್ಲಾಸ್ಟಿಕ್ ಚೀಲವನ್ನು ನನ್ನ ಕೈಗಿಟ್ಟರು. ಮೇಲಿನಿಂದ ಬೀಳಿಸಲಿಲ್ಲ, ಅಂಗೈಗೆ ಅಂಗೈ ತಾಗದಂತೆ ಜಾಗ್ರತೆಯಾಗಿ, ಆದರೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಪರ ಹೆಂಗಸಿನ ಕೈ ಮುಟ್ಟದಿರುವುದು ನಮ್ಮಲ್ಲೂ ಇದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಇದು ನಿನಗೆ, ನನಗೆ ಇನ್ನು ಬೇಡ ಎಂದರು.

ಮೂರು ಡಬ್ಬಿ ಬೂತಾಯಿ. ಮರುದಿನ ಹುಣಸೆ, ಒಣಮೆಣಸು ಅರೆದು ಪುಳಿಮುಂಚಿ ಮಾಡಿದೆ. ವರ್ಷವಿಡೀ ನನ್ನ ಕೆಲಸದ ಮೇಲೆ ಮುನಿಸಿಕೊಂಡಿದ್ದ ರಶೀದ್, ಡಬ್ಬಿ ಮೀನಿಗೆ ಇಷ್ಟು ರುಚಿ ಎಲ್ಲಿಂದ ಬಂತು ಎಂದು ಬೆರಳು ಚೀಪಿದರು. ಆ ಮೀನಿಗೆ, ಬಿಸ್ಮಿ ಹೇಳಿ, ಬೆಂಕಿ ಹಚ್ಚಿದವಳು ನಾನೇ.